ಮೂವತ್ತರಲ್ಲೇ ಕಣ್ಣಿನ ನಾಳ ಕಟ್ಟಿಕೊಂಡರೆ ತಪ್ಪು ರಕ್ತದ್ದೇನಾ?

ಬೆಳಿಗ್ಗೆ ಎದ್ದು ಫೋನ್ ಕೈಗೆತ್ತಿಕೊಳ್ಳುತ್ತೀರಿ. ಅಕ್ಷರಗಳು ಮಸುಕು. ಕಣ್ಣುಜ್ಜಿಕೊಳ್ಳುತ್ತೀರಿ, ಮುಖ ತೊಳೆಯುತ್ತೀರಿ, ಕನ್ನಡಕ ಒರೆಸುತ್ತೀರಿ. ಏನೂ ಬದಲಾಗುವುದಿಲ್ಲ. ಆಮೇಲೆ ಯಾಕೋ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡುತ್ತೀರಿ. ಬಲಗಣ್ಣಿಗೆ ಎಲ್ಲ ಚೆನ್ನಾಗಿ ಕಾಣುತ್ತದೆ. ಕೈ ಬದಲಿಸಿದರೆ ಎಡಗಣ್ಣಿನ ನಟ್ಟನಡುವೆ ಒಂದು ಬೂದು ಕಲೆ, ಹೊಗೆ ಹಿಡಿದ ಗಾಜಿನ ಹಾಗೆ. ನೋವಿಲ್ಲ, ಕೆಂಪಾಗಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣು ಎಂದಿನ ಹಾಗೇ ಇದೆ.

ರೆಟಿನಾದ ರಕ್ತನಾಳ ಕಟ್ಟಿಕೊಂಡವರಲ್ಲಿ ಎಷ್ಟೋ ಜನರ ಕತೆ ಹೀಗೆಯೇ ಶುರುವಾಗುತ್ತದೆ. ನೋವಿಲ್ಲ ಅನ್ನುವ ಕಾರಣಕ್ಕೇ ಹಲವರು ಒಂದು ವಾರ ಸುಮ್ನೆ ಇದ್ದುಬಿಡುತ್ತಾರೆ. ಕಂಪ್ಯೂಟರ್ ಜಾಸ್ತಿ ನೋಡಿದ್ದಕ್ಕೆ ಹೀಗಾಗಿರಬೇಕು, ನಿದ್ದೆ ಕಡಿಮೆಯಾಗಿರಬೇಕು ಅಂತ ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಕೊನೆಗೆ ಕಣ್ಣಿನ ಡಾಕ್ಟರ ಬಳಿ ಹೋದಾಗ "ಕಣ್ಣೊಳಗಿನ ರಕ್ತನಾಳ ಬ್ಲಾಕ್ ಆಗಿದೆ" ಅನ್ನುವ ಮಾತು ಕೇಳಿ ನಂಬಲಾಗದೆ ಕೂರುತ್ತಾರೆ. ಇದು ವಯಸ್ಸಾದವರಿಗೆ ಬರುವುದಲ್ವಾ? ನನಗೆ ಇನ್ನೂ ಮೂವತ್ತನಾಲ್ಕು.

ಆ ಪ್ರಶ್ನೆ ನ್ಯಾಯವಾದದ್ದೇ. ಈ ತೊಂದರೆ ಬಂದವರಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಚಿಕ್ಕ ವಯಸ್ಸಿನಲ್ಲಿ ಬಂದರೆ ರೋಗಿಗೂ ಡಾಕ್ಟರಿಗೂ ಒಂದೇ ಅನುಮಾನ: ರಕ್ತದಲ್ಲೇ ಏನೋ ದೋಷವಿರಬೇಕು, ಅದು ಬೇಗ ಹೆಪ್ಪುಗಟ್ಟುವ ಜಾತಿಯದ್ದಿರಬೇಕು. ಅಲ್ಲಿಂದ ರಕ್ತಪರೀಕ್ಷೆಗಳ ಉದ್ದನೆಯ ಪಟ್ಟಿ ಹೊರಡುತ್ತದೆ. ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್, ಫ್ಯಾಕ್ಟರ್ ಫೈವ್ ಲೈಡನ್, ಹೋಮೋಸಿಸ್ಟೀನ್, ಇನ್ನೂ ಏನೇನೋ. ರಿಪೋರ್ಟಿನಲ್ಲಿ ಒಂದು ಅಂಕಿ ದಪ್ಪ ಅಕ್ಷರದಲ್ಲಿ ಬಂದರೆ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಏನೂ ಬರದಿದ್ದರೆ ಅದಕ್ಕೂ ಬೇಜಾರು, ಕಾರಣ ಸಿಗಲಿಲ್ಲವಲ್ಲ ಅಂತ.

ಈ ಹುಡುಕಾಟದಲ್ಲಿ ಎಷ್ಟು ತಿರುಳಿದೆ, ಎಷ್ಟು ಬರೀ ಆತಂಕವಿದೆ ಎಂದು ಬಿಡಿಸಿ ನೋಡುವುದು ಈ ಬರಹದ ಕೆಲಸ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತದ ದೋಷ ಹುಡುಕುವುದು ತಪ್ಪಲ್ಲ. ಆದರೆ ಎಲ್ಲರಲ್ಲೂ, ಎಲ್ಲವನ್ನೂ, ಅದೂ ಮೊದಲ ದಿನವೇ ಹುಡುಕುವುದು ತಪ್ಪು. ಆ ಗಡಿಬಿಡಿಯಲ್ಲಿ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುವ ಕೆಲಸವೇ ಮರೆತುಹೋಗುತ್ತದೆ.

ಒಂದೇ ಕವಚದೊಳಗೆ ಎರಡು ನಾಳ

ರೆಟಿನಾ ಅಂದರೆ ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡ ತೆಳ್ಳನೆಯ ಪದರ. ದಪ್ಪ ಹೆಚ್ಚುಕಡಿಮೆ ಕಾಲು ಮಿಲಿಮೀಟರ್. ಬೆಳಕನ್ನು ಹಿಡಿದು ಮಿದುಳಿಗೆ ಕಳಿಸುವ ಕೆಲಸ ಇದರದ್ದು. ಅದರ ಒಳಪದರಗಳಿಗೆ ರಕ್ತ ತರುವುದು ಅಪಧಮನಿ, ಅಲ್ಲಿಂದ ರಕ್ತವನ್ನು ವಾಪಸ್ ಒಯ್ಯುವುದು ಅಭಿಧಮನಿ. ಈ ಎರಡು ಪದ ಕಿವಿಗೆ ಒಂದೇ ತರ ಕೇಳಿಸುತ್ತವೆ. ಗೊಂದಲ ಬೇಡ, ಇನ್ನು ಮುಂದೆ ತರುವ ನಾಳ, ಒಯ್ಯುವ ನಾಳ ಎಂದೇ ಬರೆಯುತ್ತೇನೆ. ನಮ್ಮ ಕತೆಯಲ್ಲಿ ಕಟ್ಟಿಕೊಳ್ಳುವುದು ಒಯ್ಯುವ ನಾಳ.

ಈ ಎರಡೂ ಕೆಲವು ಜಾಗಗಳಲ್ಲಿ ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಕಣ್ಣಿನ ನರ ಕಣ್ಣುಗುಡ್ಡೆಯಿಂದ ಹೊರಬೀಳುವ ಕಡೆ ಜರಡಿಯಂಥ ಒಂದು ಪದರವಿದೆ. ಅಲ್ಲಿ ಮುಖ್ಯವಾದ ತರುವ ನಾಳ, ಮುಖ್ಯವಾದ ಒಯ್ಯುವ ನಾಳ ಎರಡೂ ಒಂದೇ ಕವಚದೊಳಗೆ, ಇಕ್ಕಟ್ಟಿನಲ್ಲಿ ಹಾದುಹೋಗುತ್ತವೆ. ರೆಟಿನಾದ ಮೇಲೂ ಅಷ್ಟೇ. ಒಂದು ಕೊಂಬೆ ಇನ್ನೊಂದರ ಮೇಲೆ ಹಾಯುವ ಪ್ರತಿ ಅಡ್ಡಹಾದಿಯಲ್ಲಿ ಎರಡಕ್ಕೂ ಒಂದೇ ಹೊದಿಕೆ. ಒಯ್ಯುವ ನಾಳದ ಗೋಡೆ ತೆಳು, ತರುವ ನಾಳದ ಗೋಡೆ ಗಟ್ಟಿ. ವಯಸ್ಸಾಗಿ, ಬಿಪಿ ಏರಿ ತರುವ ನಾಳ ಇನ್ನಷ್ಟು ಗಡುಸಾದಾಗ ಪಕ್ಕದಲ್ಲಿರುವ ತೆಳು ನಾಳವನ್ನು ಅದುಮುತ್ತದೆ. ಅದುಮಿದ ಕಡೆ ಹರಿವು ನಿಧಾನವಾಗಿ, ಸುಳಿ ಎದ್ದು, ಹೆಪ್ಪು ಕೂರುತ್ತದೆ.

ಮುಖ್ಯ ನಾಳವೇ ಕಟ್ಟಿಕೊಂಡರೆ ಇಡೀ ರೆಟಿನಾಕ್ಕೆ ಪೆಟ್ಟು. ಕೊಂಬೆ ಕಟ್ಟಿಕೊಂಡರೆ ಅದಕ್ಕೆ ಸೇರಿದ ಭಾಗಕ್ಕೆ ಮಾತ್ರ. ಕೊಂಬೆಯದ್ದು ನಾಲ್ಕೈದು ಪಟ್ಟು ಜಾಸ್ತಿ ಕಾಣಿಸುತ್ತದೆ. ರೆಟಿನಾದ ರಕ್ತನಾಳಗಳ ತೊಂದರೆಗಳಲ್ಲಿ ಸಕ್ಕರೆ ಕಾಯಿಲೆಯದ್ದು ಮೊದಲು, ಅದರ ನಂತರದ ಸ್ಥಾನ ಇದಕ್ಕೇ. 2015ರ ಹೊತ್ತಿಗೆ ಪ್ರಪಂಚದಲ್ಲಿ ಸುಮಾರು 2.8 ಕೋಟಿ ಜನರಿಗೆ ಈ ತೊಂದರೆ ಇತ್ತು ಎಂಬುದು ಒಂದು ಅಂದಾಜು.

ಡಾಕ್ಟರು ಹನಿ ಹಾಕಿ ಪಾಪೆ ಅಗಲ ಮಾಡಿ ಒಳಗೆ ನೋಡಿದಾಗ ಕಾಣುವ ದೃಶ್ಯ ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಕಿತ್ತಳೆ ಬಣ್ಣದ ಹಿನ್ನೆಲೆಯಲ್ಲಿ ನಾಲ್ಕೂ ಕಡೆ ಬೆಂಕಿಯ ನಾಲಿಗೆಯಂಥ ಕೆಂಪು ಗೆರೆಗಳು. ಒಯ್ಯುವ ನಾಳಗಳು ಉಬ್ಬಿ, ಕಪ್ಪಾಗಿ, ಹಾವಿನಂತೆ ಸುತ್ತಿಕೊಂಡಿರುತ್ತವೆ. ಅಲ್ಲಲ್ಲಿ ಹತ್ತಿಯ ಚೂರು ಅಂಟಿಸಿದಂತೆ ಬಿಳಿ ಮಚ್ಚೆಗಳು. ಅವು ಆಮ್ಲಜನಕ ಸಿಗದೆ ಸೊರಗಿದ ಜಾಗಗಳು. ಹೊರಹೋಗಲು ದಾರಿಯಿಲ್ಲದ ರಕ್ತ ಹಿಂದಕ್ಕೆ ಒತ್ತುತ್ತದೆ. ಸಣ್ಣ ನಾಳಗಳು ಸೋರುತ್ತವೆ. ಓದಲು, ಮುಖ ಗುರುತಿಸಲು ಬೇಕಾದ ನಡುಭಾಗ, ಅಂದರೆ ಮ್ಯಾಕುಲಾ, ನೀರು ತುಂಬಿ ಊದಿಕೊಳ್ಳುತ್ತದೆ. ಆ ಬೂದು ಕಲೆ ಕಾಣಿಸುವುದು ಇದರಿಂದಲೇ.

ಅನುಮಾನ ರಕ್ತದ ಮೇಲೆ ಬಿದ್ದದ್ದು ಹೇಗೆ

ಕಣ್ಣೊಳಗೆ ಇಣುಕಿ ನೋಡುವ ಉಪಕರಣವನ್ನು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಜಗತ್ತಿಗೆ ಕೊಟ್ಟರು. ಅದಾಗಿ ಕಾಲು ಶತಮಾನ ಕಳೆದ ಮೇಲೆ, 1878ರಲ್ಲಿ, ಜರ್ಮನಿಯ ಯೂಲಿಯಸ್ ಫಾನ್ ಮಿಶೆಲ್ ಈ ಕೆಂಪು ದೃಶ್ಯದ ಹಿಂದೆ ಇರುವುದು ಹೆಪ್ಪು ಎಂದು ವಿವರಿಸಿದರು. ಅದಕ್ಕೂ ಮೊದಲೇ ಅದೇ ದೇಶದ ವೈದ್ಯ ರುಡಾಲ್ಫ್ ವಿರ್ಖೋ ನಾಳದೊಳಗೆ ರಕ್ತ ಯಾಕೆ ಹೆಪ್ಪುಗಟ್ಟುತ್ತದೆ ಎಂದು ಕೆದಕಿದ್ದರು. ಅವರ ಹೆಸರಿನಲ್ಲೇ ಇಂದಿಗೂ ಮೂರು ಕಾರಣ ಹೇಳುತ್ತಾರೆ: ನಾಳದ ಗೋಡೆಗೆ ಗಾಯ, ಹರಿವು ನಿಧಾನ, ರಕ್ತದ ಗುಣದಲ್ಲೇ ಬದಲಾವಣೆ.

ವಯಸ್ಸಾದವರಲ್ಲಿ ಮೊದಲೆರಡು ಕಾರಣ ಕಣ್ಣಿಗೆ ಕಾಣುವಂತೆ ಇರುತ್ತವೆ. ಮೂವತ್ತರ ವಯಸ್ಸಿನಲ್ಲಿ ತರುವ ನಾಳ ಇನ್ನೂ ಮೆತ್ತಗಿರುತ್ತದೆ, ಪಕ್ಕದ್ದನ್ನು ಅದುಮುವುದಿಲ್ಲ. ಹಾಗಿದ್ದರೆ ಉಳಿದದ್ದು ಮೂರನೆಯದೇ ಅಲ್ವಾ? ತರ್ಕ ನೇರವಾಗಿದೆ. ಎಷ್ಟು ನೇರ ಅಂದರೆ, ಪುರಾವೆ ಇದೆಯಾ ಅಂತ ಕೇಳುವುದನ್ನೇ ಮರೆಸಿಬಿಡುವಷ್ಟು.

ಪುರಾವೆ ನೋಡೋಣ. ನಮ್ಮ ರಕ್ತದಲ್ಲಿ ಹೆಪ್ಪುಗಟ್ಟಿಸುವ ವಸ್ತುಗಳೂ ಇವೆ, ಅವನ್ನು ತಡೆಯುವ ಬ್ರೇಕುಗಳೂ ಇವೆ. ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಇವು ಮೂರು ದೊಡ್ಡ ಬ್ರೇಕುಗಳು. ಹುಟ್ಟಿನಿಂದಲೇ ಇವು ಕಡಿಮೆ ಇರುವ ಮನೆತನಗಳಿವೆ. ಆಂಟಿಥ್ರಾಂಬಿನ್ ಕೊರತೆಯ ಅಂಥ ಒಂದು ಕುಟುಂಬದ ಬಗ್ಗೆ ನಾರ್ವೆಯಿಂದ 1965ರಲ್ಲೇ ವರದಿ ಬಂದಿತ್ತು. ಆಮೇಲೆ 1993ರಲ್ಲಿ ಸ್ವೀಡನ್ನಿನ ಬಿಯೋರ್ನ್ ದಾಲ್‌ಬೆಕ್ ಒಂದು ವಿಚಿತ್ರ ಗಮನಿಸಿದರು: ಕೆಲವರ ರಕ್ತ ಪ್ರೋಟೀನ್ ಸಿ ಎಂಬ ಬ್ರೇಕಿಗೆ ಸರಿಯಾಗಿ ಸ್ಪಂದಿಸುವುದೇ ಇಲ್ಲ. ಮುಂದಿನ ವರ್ಷವೇ ನೆದರ್‌ಲೆಂಡ್ಸಿನ ಲೈಡನ್ ನಗರದಲ್ಲಿ ಅದರ ಗುಟ್ಟು ಬಯಲಾಯಿತು. ಫ್ಯಾಕ್ಟರ್ ಫೈವ್ ಎಂಬ ಹೆಪ್ಪಿನ ವಸ್ತುವನ್ನು ಪ್ರೋಟೀನ್ ಸಿ ಕತ್ತರಿಯಂತೆ ಕತ್ತರಿಸಿ ಸುಮ್ಮನಾಗಿಸುತ್ತದೆ. ಈ ಜನರಲ್ಲಿ ಕತ್ತರಿ ಬೀಳಬೇಕಾದ ಜಾಗವೇ ಬದಲಾಗಿತ್ತು. ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ತಪ್ಪು. ಅದಕ್ಕೇ ಅದರ ಹೆಸರು ಫ್ಯಾಕ್ಟರ್ ಫೈವ್ ಲೈಡನ್. 1996ರಲ್ಲಿ ಪ್ರೋಥ್ರಾಂಬಿನ್ ವಂಶವಾಹಿಯಲ್ಲೂ ಇಂಥದೇ ಒಂದು ಬದಲಾವಣೆ ಸಿಕ್ಕಿತು.

ಇವೆಲ್ಲ ಕಾಲಿನ ಆಳದ ನಾಳಗಳಲ್ಲಿ ಹೆಪ್ಪುಗಟ್ಟುವುದಕ್ಕೆ ನಿಜವಾದ ಕಾರಣಗಳು. ಲೈಡನ್ ಬದಲಾವಣೆಯ ಒಂದು ಪ್ರತಿ ಇದ್ದವರಲ್ಲಿ ಅಂಥ ಹೆಪ್ಪಿನ ಸಾಧ್ಯತೆ ಹಲವು ಪಟ್ಟು ಜಾಸ್ತಿ. ಆದ್ದರಿಂದ ಕಣ್ಣಿನಲ್ಲೂ ಹಾಗೇ ಇರಬೇಕು ಎಂದು ಎಲ್ಲರೂ ನಂಬಿದರು. ಆದರೆ ಕಣ್ಣಿನ ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ನಂಟು ತೀರಾ ಸಡಿಲವಾಗಿ ಕಂಡಿತು. ಲೈಡನ್ ಬದಲಾವಣೆಗೆ ಸ್ವಲ್ಪ ನಂಟಿದೆ, ಕಾಲಿನಲ್ಲಿ ಇರುವಷ್ಟಲ್ಲ. ಪ್ರೋಟೀನ್ ಸಿ, ಎಸ್, ಆಂಟಿಥ್ರಾಂಬಿನ್ ಕೊರತೆಗಳಿಗೆ ಗಟ್ಟಿ ನಂಟು ಸಿಗಲಿಲ್ಲ. ಕಣ್ಣಿನ ನಾಳ ಕಾಲಿನ ನಾಳದ ಚಿಕ್ಕ ನಕಲು ಅಲ್ಲ. ಅಲ್ಲಿ ಇಕ್ಕಟ್ಟು, ಅಂಟಿಕೊಂಡ ಗೋಡೆ, ಕಣ್ಣೊಳಗಿನ ಒತ್ತಡ ಇವುಗಳ ಪಾತ್ರ ಜಾಸ್ತಿ ಎಂದೇ ನನಗನ್ನಿಸುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ಯುರೋಪ್ ಮೂಲದ ಜನರಲ್ಲಿ ನೂರಕ್ಕೆ ಸುಮಾರು ಐವರಿಗೆ ಲೈಡನ್ ಬದಲಾವಣೆ ಇದೆ. ಬೇರೆ ಜನರಲ್ಲಿ ಇದು ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಅಂದರೆ ಆ ಮೂಲದ ಇಪ್ಪತ್ತು ರೋಗಿಗಳನ್ನು ಪರೀಕ್ಷಿಸಿದರೆ, ಕಣ್ಣಿನ ತೊಂದರೆಗೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೂ, ಒಬ್ಬರಲ್ಲಿ ಅದು ಸಿಕ್ಕೇ ಸಿಗಬಹುದು. ಹತ್ತು ಬಗೆಯ ಪರೀಕ್ಷೆ ಮಾಡಿದರಂತೂ ಯಾವುದಾದರೂ ಒಂದು ಗೆರೆ ದಾಟುವುದು ಸಹಜ. ಸಿಕ್ಕಿದ್ದೆಲ್ಲ ಕಾರಣವಲ್ಲ. ಈ ಮಾತು ರೋಗಿಗೆ ಯಾರಾದರೂ ಪರೀಕ್ಷೆಗೆ ಮೊದಲೇ ಹೇಳಿದ್ದರೆ ಎಷ್ಟೋ ಮನೆಗಳಲ್ಲಿ ಆತಂಕ ಕಡಿಮೆಯಾಗುತ್ತಿತ್ತು.

ನಿಜವಾಗಿ ಹುಡುಕಬೇಕಾದ ಎರಡು

ಹಾಗಂತ ರಕ್ತ ಪೂರ್ತಿ ನಿರಪರಾಧಿ ಎಂದಲ್ಲ. ಎರಡು ಸಂಗತಿಗಳು ಈ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಎದ್ದು ಕಾಣುತ್ತವೆ. ಎರಡೂ ಮುಖ್ಯವಾಗಿ ಹುಟ್ಟಿನಿಂದ ಬಂದವಲ್ಲ, ನಡುವೆ ಬಂದವು. ಅದಕ್ಕೇ ನನಗೆ ಇವು ಹೆಚ್ಚು ಮುಖ್ಯ ಅನ್ನಿಸುವುದು.

ಮೊದಲನೆಯದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ದೇಹದ ರಕ್ಷಣಾ ವ್ಯವಸ್ಥೆ ತಪ್ಪು ತಿಳಿದು ತನ್ನದೇ ರಕ್ತದ ಕೆಲವು ಪ್ರೋಟೀನುಗಳ ಮೇಲೆ ಪ್ರತಿಕಾಯ ತಯಾರಿಸುತ್ತದೆ. ಇದರಿಂದ ರಕ್ತ ಎಲ್ಲಿ ಬೇಕಾದರೂ ಹೆಪ್ಪುಗಟ್ಟಬಹುದು: ತರುವ ನಾಳ, ಒಯ್ಯುವ ನಾಳ ಎರಡರಲ್ಲೂ. ಕಾಲಿನಲ್ಲಿ, ಶ್ವಾಸಕೋಶದಲ್ಲಿ, ಮಿದುಳಿನಲ್ಲಿ. ಮತ್ತೆ ಮತ್ತೆ ಗರ್ಭಪಾತವಾಗುವುದಕ್ಕೂ ಇದು ಕಾರಣ. ಬ್ರಿಟನ್ನಿನ ಗ್ರಹಾಂ ಹ್ಯೂಸ್ 1983ರಲ್ಲಿ ಇದನ್ನು ವಿವರಿಸಿದರು. ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆ ಇರುವವರಲ್ಲಿ ಇದು ಹೆಚ್ಚು, ಆದರೆ ಲೂಪಸ್ ಇಲ್ಲದ ಯುವಜನರಲ್ಲೂ ಬರುತ್ತದೆ.

ಪತ್ತೆಗೆ ಮೂರು ಪರೀಕ್ಷೆ: ಲೂಪಸ್ ಆಂಟಿಕೋಯಾಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್ ಪ್ರತಿಕಾಯ. ಒಮ್ಮೆ ಪಾಸಿಟಿವ್ ಬಂದರೆ ಮುಗಿಯಲಿಲ್ಲ. ಕನಿಷ್ಠ 12 ವಾರ ಬಿಟ್ಟು ಮತ್ತೊಮ್ಮೆ ಮಾಡಲೇಬೇಕು. ಯಾಕೆಂದರೆ ಜ್ವರ, ಸೋಂಕು ಬಂದುಹೋದಾಗಲೂ ಈ ಪ್ರತಿಕಾಯಗಳು ಕೆಲವು ವಾರ ಕಾಣಿಸಿಕೊಂಡು ತಾವಾಗಿಯೇ ಮಾಯವಾಗಬಹುದು. ಮೊದಲ ರಿಪೋರ್ಟ್ ಹಿಡಿದು ಜೀವನಪೂರ್ತಿ ರಕ್ತ ತೆಳುಮಾಡುವ ಮಾತ್ರೆ ಶುರುಮಾಡುವುದೂ ತಪ್ಪು, ಎರಡನೆಯ ಪರೀಕ್ಷೆ ಮರೆಯುವುದೂ ತಪ್ಪು. ಎರಡನೆಯದನ್ನು ಮರೆಯುವವರೇ ಜಾಸ್ತಿ ಇರಬೇಕು. ಅಷ್ಟು ಹೊತ್ತಿಗೆ ಕಣ್ಣು ಸ್ವಲ್ಪ ಸರಿಹೋಗಿರುತ್ತದೆ, ಫೈಲು ಕಪಾಟು ಸೇರಿರುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಲೈಡನ್ ಬದಲಾವಣೆ ಸಿಕ್ಕರೆ ಕಣ್ಣಿನ ಚಿಕಿತ್ಸೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಈ ಸಿಂಡ್ರೋಮ್ ಖಚಿತವಾದರೆ ಬದುಕಿನ ಚಿಕಿತ್ಸೆಯೇ ಬದಲಾಗುತ್ತದೆ. ರಕ್ತರೋಗ ತಜ್ಞರು ರಕ್ತ ತೆಳುಮಾಡುವ ಹಳೆಯ ಮಾತ್ರೆ ವಾರ್ಫರಿನ್ ಬಗ್ಗೆ ಯೋಚಿಸುತ್ತಾರೆ. ಮೂರೂ ಪರೀಕ್ಷೆ ಪಾಸಿಟಿವ್ ಇದ್ದವರಿಗೆ ಹೊಸ ಕಾಲದ ಮಾತ್ರೆಗಳು ಅಷ್ಟು ಸರಿಹೋಗುವುದಿಲ್ಲ; ಅವುಗಳಲ್ಲಿ ಒಂದಾದ ರಿವರೋಕ್ಸಬಾನ್ ಕೊಟ್ಟು ವಾರ್ಫರಿನ್ ಜೊತೆ ಹೋಲಿಸಿದ ಒಂದು ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಗರ್ಭಿಣಿಯಾಗುವ ಯೋಜನೆ ಇದ್ದರೆ ಆ ಲೆಕ್ಕವೇ ಬೇರೆ, ವಾರ್ಫರಿನ್ ಮಗುವಿಗೆ ಹಾನಿ ಮಾಡಬಹುದು. ಅಂದರೆ ಕಣ್ಣಿನ ಮಬ್ಬು ಇಲ್ಲಿ ಇಡೀ ದೇಹ ಕೊಟ್ಟ ಮುನ್ಸೂಚನೆ ಆಗಿರಬಹುದು.

ಎರಡನೆಯದು ಹೋಮೋಸಿಸ್ಟೀನ್. ಪ್ರೋಟೀನ್ ಅರಗುವ ದಾರಿಯಲ್ಲಿ ಹುಟ್ಟುವ ವಸ್ತು ಇದು. ಬಿ12, ಫೋಲೇಟ್, ಬಿ6 ಸಾಕಷ್ಟಿದ್ದರೆ ಬೇರೆ ರೂಪಕ್ಕೆ ತಿರುಗುತ್ತದೆ. ಇಲ್ಲದಿದ್ದರೆ ರಕ್ತದಲ್ಲಿ ಉಳಿದು ನಾಳದ ಒಳಗೋಡೆಯನ್ನು ಕೆಡಿಸುತ್ತದೆ. ರೆಟಿನಾದ ನಾಳ ಕಟ್ಟಿಕೊಂಡವರಲ್ಲಿ ಇದು ಏರಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮಾತ್ರೆ ಕೊಟ್ಟು ಇದನ್ನು ಇಳಿಸಿದರೆ ಮತ್ತೆ ಕಣ್ಣಿನ ನಾಳ ಕಟ್ಟಿಕೊಳ್ಳುವುದಿಲ್ಲ ಎಂಬುದಕ್ಕೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಆದರೂ ಬಿ12 ಕೊರತೆ ನರಗಳಿಗೇ ಕೆಟ್ಟದ್ದು. ಸಿಕ್ಕಿದಾಗ ಸರಿಪಡಿಸುವುದಕ್ಕೆ ಬೇರೆ ಕಾರಣ ಯಾಕೆ ಬೇಕು?

ಈ ಪರೀಕ್ಷೆಯಲ್ಲಿ ಲ್ಯಾಬಿನ ಒಂದು ಸೂಕ್ಷ್ಮವೂ ಇದೆ. ತೆಗೆದ ರಕ್ತವನ್ನು ಹಾಗೇ ಮೇಜಿನ ಮೇಲೆ ಬಿಟ್ಟರೆ ಕೆಂಪು ಕಣಗಳು ಹೋಮೋಸಿಸ್ಟೀನ್ ಬಿಡುತ್ತಲೇ ಇರುತ್ತವೆ. ಮಂಜುಗಡ್ಡೆಯಲ್ಲಿಟ್ಟು ಬೇಗನೆ ಕಣಗಳನ್ನು ಬೇರ್ಪಡಿಸದಿದ್ದರೆ ಅಂಕಿ ಸುಳ್ಳೇ ಏರುತ್ತದೆ. ಸ್ವಲ್ಪ ಜಾಸ್ತಿ ಬಂದ ರಿಪೋರ್ಟ್ ಇದ್ದರೆ, ಗಾಬರಿಗಿಂತ ಮೊದಲು ಸ್ಯಾಂಪಲ್ ಹೇಗೆ ಇಟ್ಟಿದ್ದರು ಎಂದು ಕೇಳುವುದು ಒಳ್ಳೆಯದು. ಇದರ ಜೊತೆಗೇ ಬರುವ ಎಂಟಿಎಚ್‌ಎಫ್‌ಆರ್ ಎಂಬ ವಂಶವಾಹಿ ಪರೀಕ್ಷೆ ಬೇಕಿಲ್ಲ. ಅದರ ಬದಲಾವಣೆ ಎಷ್ಟೋ ಆರೋಗ್ಯವಂತರಲ್ಲೂ ಇದೆ, ಚಿಕಿತ್ಸೆಗೆ ಅದರಿಂದ ಏನೂ ದಾರಿ ಸಿಗುವುದಿಲ್ಲ.

ಪರೀಕ್ಷೆಯ ಸಮಯದ ವಿಷಯ ಬಂತಲ್ಲ, ಇನ್ನೊಂದಿಷ್ಟು ಹೇಳಿಬಿಡುತ್ತೇನೆ. ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಪ್ರೋಟೀನ್ ಸಿ, ಎಸ್ ಎರಡೂ ಕಡಿಮೆ ತೋರಿಸುತ್ತವೆ. ಅವು ತಯಾರಾಗಲು ವಿಟಮಿನ್ ಕೆ ಬೇಕು, ಆ ಮಾತ್ರೆ ತಡೆಯುವುದೇ ಅದನ್ನು. ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಟ್ಟಿದ್ದರೆ ಆಂಟಿಥ್ರಾಂಬಿನ್ ಇಳಿಯುತ್ತದೆ. ಗರ್ಭಿಣಿಯರಲ್ಲಿ, ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇರುವ ಮಾತ್ರೆ ನುಂಗುವವರಲ್ಲಿ ಪ್ರೋಟೀನ್ ಎಸ್ ಸಹಜವಾಗಿಯೇ ಕಡಿಮೆ. ಲಿವರ್ ಸರಿಯಿಲ್ಲದಿದ್ದರೆ ಎಲ್ಲವೂ ಕಡಿಮೆ. ರಕ್ತ ತೆಳುಮಾಡುವ ಮಾತ್ರೆಗಳಿಂದ ಲೂಪಸ್ ಆಂಟಿಕೋಯಾಗ್ಯುಲಂಟ್ ಸುಳ್ಳು ಪಾಸಿಟಿವ್ ಬರಬಹುದು. ಇದನ್ನೆಲ್ಲ ಕೇಳದೆ ರಕ್ತ ಎಳೆದರೆ ಇಲ್ಲದ ಕಾಯಿಲೆಯ ಹಣೆಪಟ್ಟಿ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದರೆ ಕೀಳುವುದು ಕಷ್ಟ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರೂ ಪರೀಕ್ಷೆಗೆ ಸಾಲುಗಟ್ಟುತ್ತಾರೆ.

ಮಾತ್ರೆ, ಬಿಪಿ, ಗೊರಕೆ

ಯುವತಿಯರ ವಿಷಯದಲ್ಲಿ ಒಂದು ಪ್ರಶ್ನೆ ಕೇಳಲೇಬೇಕು, ಎಷ್ಟೋ ಸಲ ಸಂಕೋಚದಿಂದ ಯಾರೂ ಕೇಳುವುದಿಲ್ಲ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಮುಟ್ಟಿನ ತೊಂದರೆಗೆ, ಮೊಡವೆಗೆ, ಪಿಸಿಓಎಸ್ ಎಂಬ ಅಂಡಾಶಯದ ತೊಂದರೆಗೆ ಕೊಡುವ ಹಲವು ಹಾರ್ಮೋನ್ ಮಾತ್ರೆಗಳಲ್ಲೂ ಈಸ್ಟ್ರೋಜನ್ ಇರುತ್ತದೆ. "ನಾನು ಗರ್ಭನಿರೋಧಕ ತಗೊಳ್ತಿಲ್ಲ" ಎಂದು ಪ್ರಾಮಾಣಿಕವಾಗಿ ಹೇಳುವವರೂ ಅದನ್ನೇ ಬೇರೆ ಹೆಸರಿನಲ್ಲಿ ನುಂಗುತ್ತಿರಬಹುದು. ಈಸ್ಟ್ರೋಜನ್ ಹೆಪ್ಪಿನ ಕಡೆಗೆ ತಕ್ಕಡಿ ವಾಲಿಸುತ್ತದೆ. ಲೈಡನ್ ಬದಲಾವಣೆಯೂ ಜೊತೆಗಿದ್ದರೆ ಎರಡರ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಕಣ್ಣಿನ ನಾಳ ಒಮ್ಮೆ ಕಟ್ಟಿಕೊಂಡ ಮೇಲೆ ಈಸ್ಟ್ರೋಜನ್ ಇಲ್ಲದ ಬೇರೆ ದಾರಿಯನ್ನು ಸ್ತ್ರೀರೋಗ ತಜ್ಞರ ಜೊತೆ ಕೂತು ಹುಡುಕಬೇಕು. ನಮ್ಮಷ್ಟಕ್ಕೆ ನಾವೇ ಒಮ್ಮೆಲೇ ನಿಲ್ಲಿಸಿ ಆಮೇಲೆ ಪೇಚಾಡುವುದು ಬೇಡ.

ಇನ್ನು ಬಿಪಿ. ಮೂವತ್ತರ ವಯಸ್ಸಿನ ಎಷ್ಟೋ ಜನ ವರ್ಷಗಳಿಂದ ಬಿಪಿಯನ್ನೇ ನೋಡಿಸಿಕೊಂಡಿರುವುದಿಲ್ಲ. ಚಿಕ್ಕ ವಯಸ್ಸು ಎಂಬ ಒಂದೇ ಕಾರಣಕ್ಕೆ ಯಾರೂ ಪಟ್ಟಿ ಸುತ್ತಿರುವುದಿಲ್ಲ. ಆದರೆ ಈ ವಯಸ್ಸಿನ ರೋಗಿಗಳಲ್ಲೂ ಏರಿದ ಬಿಪಿ, ಕೊಬ್ಬಿನ ಏರುಪೇರು, ಸಕ್ಕರೆ ಕಾಯಿಲೆ, ಹೆಚ್ಚಿದ ತೂಕ, ಸಿಗರೇಟು ಇವು ಅಪರೂಪದ ರಕ್ತದೋಷಗಳಿಗಿಂತ ಹೆಚ್ಚು ಸಲ ಸಿಗುತ್ತವೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಶುರುವಾಗುವ ತೊಂದರೆಯೂ ಈ ಪಟ್ಟಿಯಲ್ಲಿದೆ. ಕಣ್ಣೊಳಗಿನ ಒತ್ತಡ ಏರುವುದು, ಸಾಮಾನ್ಯವಾಗಿ ಅದರಿಂದ ಕಣ್ಣಿನ ನರ ಕೆಡುವ ಗ್ಲಾಕೋಮಾ ಕೂಡ. ಬ್ರಿಟನ್ನಿನ ಕಣ್ಣಿನ ತಜ್ಞರ ಕಾಲೇಜಿನ ಮಾರ್ಗಸೂಚಿ ಮೊದಲು ಬಿಪಿ, ಸಕ್ಕರೆ, ರಕ್ತಕಣಗಳ ಎಣಿಕೆಯಂಥ ಸರಳ ಪರೀಕ್ಷೆಗಳನ್ನು ಹೇಳುತ್ತದೆ, ಹೆಪ್ಪಿನ ದೋಷದ ಪರೀಕ್ಷೆಗಳನ್ನು ಎಲ್ಲರಿಗೂ ಮಾಡಬೇಕೆಂದು ಹೇಳುವುದಿಲ್ಲ.

ರಕ್ತಕಣಗಳ ಎಣಿಕೆ ಎಂಬ ಸಾಧಾರಣ ಪರೀಕ್ಷೆಯನ್ನು ಹಗುರವಾಗಿ ಕಾಣಬೇಡಿ. ಕೆಂಪು ಕಣ ಅತಿಯಾಗಿ ರಕ್ತ ಮಂದವಾಗಿದ್ದರೆ, ರಕ್ತದ ಕ್ಯಾನ್ಸರ್ ಇದ್ದರೆ ಮೊದಲ ಸುಳಿವು ಅಲ್ಲೇ. ವಿಶೇಷವಾಗಿ ಎರಡೂ ಕಣ್ಣಿಗೆ ಒಟ್ಟಿಗೇ ಬಂದರೆ ಮಂದ ರಕ್ತವನ್ನೇ ಮೊದಲು ಅನುಮಾನಿಸಬೇಕು. ನಾಳದ ಉರಿಯೂತದಿಂದಲೂ ಯುವಜನರಲ್ಲಿ ಇಂಥದೇ ಚಿತ್ರ ಮೂಡಬಹುದು: ಬೆಹ್ಚೆಟ್ ಕಾಯಿಲೆ, ಸಾರ್ಕಾಯ್ಡ್, ಕ್ಷಯ, ಸಿಫಿಲಿಸ್. ಬಾಯಲ್ಲಿ ಪದೇ ಪದೇ ಹುಣ್ಣು, ಕೀಲುನೋವು, ಹಳೆಯ ಕೆಮ್ಮು ಇದ್ದರೆ ಕಣ್ಣಿನ ಡಾಕ್ಟರಿಗೆ ಹೇಳಿ. ಕಣ್ಣಿಗೂ ಬಾಯಿಹುಣ್ಣಿಗೂ ಏನು ಸಂಬಂಧ ಅನ್ನಿಸಿದರೂ ಹೇಳಿ.

ಹಾಗಾದರೆ ಹೆಪ್ಪಿನ ಪರೀಕ್ಷೆ ಯಾರಿಗೆ? ಐವತ್ತರ ಒಳಗಿದ್ದು, ಮೇಲಿನ ಯಾವ ಸಾಮಾನ್ಯ ಕಾರಣವೂ ಸಿಗದವರಿಗೆ. ತಮಗೋ ಹತ್ತಿರದ ರಕ್ತಸಂಬಂಧಿಗೋ ಮೊದಲೇ ಕಾಲಲ್ಲಿ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ್ದವರಿಗೆ. ಗರ್ಭಪಾತಗಳಾದವರಿಗೆ, ಲೂಪಸ್ ಲಕ್ಷಣ ಇರುವವರಿಗೆ, ಎರಡೂ ಕಣ್ಣಿಗೆ ಬಂದವರಿಗೆ. ಅದನ್ನೂ ರಕ್ತರೋಗ ತಜ್ಞರ ಸಲಹೆ ಪಡೆದು, ಸಮಯ ನೋಡಿ.

ಅಷ್ಟರಲ್ಲಿ ಕಣ್ಣಿನ ಗತಿ

ಕಾರಣದ ಬೆನ್ನು ಹತ್ತಿದಾಗ ಆಗುವ ದೊಡ್ಡ ನಷ್ಟ ಇದು: ಕಣ್ಣಿನ ಚಿಕಿತ್ಸೆ ತಡವಾಗುತ್ತದೆ. ರಕ್ತದ ರಿಪೋರ್ಟ್ ಬರಲಿ, ಆಮೇಲೆ ಇಂಜೆಕ್ಷನ್ ನೋಡೋಣ ಎಂದು ಕಾಯುವವರಿದ್ದಾರೆ. ಎರಡಕ್ಕೂ ಒಂದಕ್ಕೊಂದು ಕಾಯುವ ಅಗತ್ಯ ಇಲ್ಲ. ಕಾರಣ ಏನೇ ಇರಲಿ, ಊದಿಕೊಂಡ ಮ್ಯಾಕುಲಾಕ್ಕೆ ಚಿಕಿತ್ಸೆ ಒಂದೇ.

ರೆಟಿನಾದ ಪದರಗಳನ್ನು ಬೆಳಕಿನಿಂದ ಅಳೆಯುವ ಓಸಿಟಿ ಸ್ಕ್ಯಾನ್‌ನಲ್ಲಿ ಮ್ಯಾಕುಲಾದ ನಡುಭಾಗ ಸಾಮಾನ್ಯವಾಗಿ 250ರಿಂದ 280 ಮೈಕ್ರಾನ್ ದಪ್ಪ ಇರುತ್ತದೆ. ಈ ತೊಂದರೆಯಲ್ಲಿ ಅದು 500, 600 ದಾಟಬಹುದು. ಆಮ್ಲಜನಕ ಸಾಲದ ರೆಟಿನಾ ವಿಇಜಿಎಫ್ ಎಂಬ ವಸ್ತುವನ್ನು ಸುರಿಸುತ್ತದೆ, ಅದು ನಾಳಗಳನ್ನು ಮತ್ತಷ್ಟು ಸೋರಿಸುತ್ತದೆ. ಅದನ್ನು ತಡೆಯುವ ರಾನಿಬಿಜುಮಾಬ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2010ರಲ್ಲಿ ಈ ತೊಂದರೆಗೆಂದು ಒಪ್ಪಿಗೆ ಸಿಕ್ಕಿತು. ಆಮೇಲೆ ಅಫ್ಲಿಬರ್ಸೆಪ್ಟ್, ಇತ್ತೀಚೆಗೆ ಫಾರಿಸಿಮಾಬ್ ಬಂದವು. ಬೆವಾಸಿಜುಮಾಬನ್ನೂ ವ್ಯಾಪಕವಾಗಿ ಬಳಸುತ್ತಾರೆ. ಇವೆಲ್ಲ ಬರುವ ಮೊದಲು ಬಹುಕಾಲ ಮುಖ್ಯವಾಗಿ ಇದ್ದದ್ದು ಲೇಸರ್, ಅದೂ ಮುಖ್ಯ ನಾಳ ಕಟ್ಟಿಕೊಂಡವರ ಊತಕ್ಕೆ ದೃಷ್ಟಿ ತಂದುಕೊಡುತ್ತಿರಲಿಲ್ಲ. ಸ್ಟಿರಾಯ್ಡ್ ಕೂಡ ಕೆಲಸ ಮಾಡುತ್ತದೆ. ಆದರೆ ಕಣ್ಣಿನ ಒತ್ತಡ ಏರಿಸುತ್ತದೆ, ಪೊರೆ ಬರಿಸುತ್ತದೆ. ಮುಂದೆ ನಲವತ್ತು ವರ್ಷ ಆ ಕಣ್ಣಲ್ಲೇ ನೋಡಬೇಕಾದವರಿಗೆ ಇದು ಸಣ್ಣ ವಿಷಯವಲ್ಲ.

ಕಣ್ಣಿಗೆ ಸೂಜಿ ಎಂದರೆ ಎದೆ ಝಲ್ಲೆನ್ನುತ್ತದೆ, ನಿಜ. ಅಲ್ಲಿ ನಡೆಯುವುದನ್ನು ತಿಳಿದರೆ ಭಯ ಅರ್ಧ ಇಳಿಯುತ್ತದೆ. ಮರಗಟ್ಟಿಸುವ ಹನಿ ಹಾಕುತ್ತಾರೆ. ಕಂದು ಬಣ್ಣದ ಅಯೋಡಿನ್ ದ್ರಾವಣದಿಂದ ರೆಪ್ಪೆ, ಕಣ್ಣು ಶುಚಿ ಮಾಡುತ್ತಾರೆ. ಆಮೇಲೆ ಕಣ್ಣು ಉರಿಯುವುದು ಹೆಚ್ಚಾಗಿ ಇದರಿಂದಲೇ. ರೆಪ್ಪೆ ಮುಚ್ಚದಂತೆ ಸಣ್ಣ ಕ್ಲಿಪ್ ಇಡುತ್ತಾರೆ. ಮೇಲೆ ನೋಡಿ ಅನ್ನುತ್ತಾರೆ. ಕರಿಗುಡ್ಡೆಯ ಅಂಚಿನಿಂದ ಮೂರೂವರೆ, ನಾಲ್ಕು ಮಿಲಿಮೀಟರ್ ಆಚೆ, ಬಿಳಿ ಭಾಗದಲ್ಲಿ ಕೂದಲಿನಷ್ಟು ಸಪೂರ ಸೂಜಿ ಒಳಹೋಗುತ್ತದೆ. ಒಂದು ಒತ್ತಿದ ಅನುಭವ, ಕೆಲವು ಸೆಕೆಂಡು, ಮುಗಿಯಿತು. ಸೂಜಿ ಕಣ್ಣ ಮುಂದೆ ಬರುವುದು ಕಾಣಿಸುವುದೇ ಇಲ್ಲ. ಆದರೆ ಒಂದರಲ್ಲಿ ಮುಗಿಯುವುದಿಲ್ಲ. ಮೊದಲು ತಿಂಗಳಿಗೊಂದರಂತೆ ಕೆಲವು, ಆಮೇಲೆ ಸ್ಕ್ಯಾನ್ ನೋಡಿ ಅಂತರ ಹೆಚ್ಚಿಸುತ್ತಾರೆ. ಯುವಜನರಲ್ಲಿ ಕೆಲವರಿಗೆ ಇಂಜೆಕ್ಷನ್ನೇ ಬೇಕಾಗದೆ ತಾನಾಗಿಯೇ ಇಳಿಯುವುದೂ ಉಂಟು. ಆ ತೀರ್ಮಾನ ಸ್ಕ್ಯಾನ್ ನೋಡುವವರದ್ದು, ನಮ್ಮದಲ್ಲ.

ಕೆಲಸ ಬಿಟ್ಟು ಬರಲಾಗದೆ ಫಾಲೋಅಪ್ ತಪ್ಪಿಸುವವರಿಗೆ ಒಂದು ಅಂಕಿ ಹೇಳಬೇಕು. ಮುಖ್ಯ ನಾಳ ಕಟ್ಟಿಕೊಂಡ ಏಳುನೂರಕ್ಕೂ ಹೆಚ್ಚು ಕಣ್ಣುಗಳನ್ನು ಹಿಂಬಾಲಿಸಿದ ಅಮೆರಿಕದ ಅಧ್ಯಯನದ ಫಲಿತಾಂಶ 1997ರಲ್ಲಿ ಬಂತು. ಮೊದಲು ಸೌಮ್ಯವಾಗಿದ್ದ, ರಕ್ತ ಓಡಾಟ ಇನ್ನೂ ಪರವಾಗಿಲ್ಲ ಎನ್ನುವಂತಿದ್ದ ಕಣ್ಣುಗಳಲ್ಲಿ ನೂರಕ್ಕೆ 34 ಮೂರು ವರ್ಷದೊಳಗೆ ಗಂಭೀರ ಬಗೆಗೆ ತಿರುಗಿದವು. ಗಂಭೀರ ಬಗೆಯಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪರದೆಯ ಮೇಲೆ ಹೊಸ ನಾಳಗಳು ಹಬ್ಬುತ್ತವೆ, ಕಣ್ಣಿನ ನೀರು ಹೊರಹೋಗುವ ದಾರಿ ಮುಚ್ಚುತ್ತದೆ, ಒತ್ತಡ ಏರುತ್ತದೆ. ಹಳೆಯ ಡಾಕ್ಟರುಗಳು ಇದನ್ನು ನೂರು ದಿನದ ಗ್ಲಾಕೋಮಾ ಎನ್ನುತ್ತಿದ್ದರು, ಹೆಚ್ಚಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಬರುವುದರಿಂದ. ಸಮಯಕ್ಕೆ ಸಿಕ್ಕರೆ ಲೇಸರ್‌ನಿಂದ ತಡೆಯಬಹುದು. ನೋವು ಶುರುವಾದ ಮೇಲೆ ಬಂದರೆ ಕಣ್ಣನ್ನು ಉಳಿಸುವುದೇ ಕಷ್ಟ.

ರಕ್ತ ತೆಳುಮಾಡುವ ಮಾತ್ರೆ ನುಂಗಿದರೆ ಹೆಪ್ಪು ಕರಗುವುದಿಲ್ವಾ? ಎಲ್ಲರೂ ಕೇಳುವ ಪ್ರಶ್ನೆ. ಕಣ್ಣಿನ ಹೆಪ್ಪಿಗಷ್ಟೇ ಎಂದು ಇವನ್ನು ಮಾಮೂಲಾಗಿ ಕೊಡುವುದಿಲ್ಲ. ಆಸ್ಪಿರಿನ್‌ನಿಂದ ದೃಷ್ಟಿ ಮರಳುತ್ತದೆ ಎಂಬುದಕ್ಕೆ ಆಧಾರವಿಲ್ಲ, ಈಗಾಗಲೇ ರಕ್ತ ಸೋರುತ್ತಿರುವ ರೆಟಿನಾದಲ್ಲಿ ಸೋರಿಕೆ ಹೆಚ್ಚಬಹುದು. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್‌ನಂಥ ಕಾರಣ ಖಚಿತವಾದರೆ ಮಾತು ಬೇರೆ. ಹೃದಯಕ್ಕೆಂದು ಮೊದಲೇ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದವರು ಕಣ್ಣಿಗೆ ಹೆದರಿ ತಾವೇ ನಿಲ್ಲಿಸಬಾರದು, ಅದೂ ಅಪಾಯ.

ಇನ್ನೊಂದು ಕಣ್ಣಿನ ಚಿಂತೆ ಎಲ್ಲರನ್ನೂ ಕಾಡುತ್ತದೆ. ಅಲ್ಲೂ ಬರುವ ಸಾಧ್ಯತೆ ವರ್ಷಕ್ಕೆ ನೂರರಲ್ಲಿ ಒಂದರ ಆಸುಪಾಸು. ಬಿಪಿ ಹತೋಟಿಯಲ್ಲಿದ್ದು, ಸಿಗರೇಟು ಬಿಟ್ಟು, ಕಣ್ಣಿನ ಒತ್ತಡ ನೋಡಿಸಿಕೊಳ್ಳುತ್ತಿದ್ದರೆ ನಮ್ಮ ಕೈಲಾದದ್ದರಲ್ಲಿ ಬಹುಪಾಲು ಮಾಡಿದ ಹಾಗೆ. ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ, ಓದುವ ದೂರದಲ್ಲಿ ಚೌಕಗೆರೆಯ ಹಾಳೆಯೊಂದನ್ನು ನೋಡಿ. ಗೆರೆ ಬಾಗಿ ಕಂಡರೆ, ನಡುವೆ ಚೌಕ ಮಾಯವಾದರೆ, ಅಥವಾ ಕೆಲವೇ ಸೆಕೆಂಡು ಕತ್ತಲಾಗಿ ಮತ್ತೆ ಸರಿಹೋದರೂ, ಅಂದೇ ರೆಟಿನಾ ಡಾಕ್ಟರಿಗೆ ಫೋನ್ ಮಾಡಿ. ಹೋಗುವಾಗ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಮೊಡವೆಯದ್ದೂ ಸೇರಿಸಿ. ಆಂಟಿಫಾಸ್ಫೋಲಿಪಿಡ್ ಪರೀಕ್ಷೆ ಪಾಸಿಟಿವ್ ಬಂದಿದ್ದರೆ, 12 ವಾರದ ತಾರೀಕನ್ನು ಇವತ್ತೇ ಫೋನಿನಲ್ಲಿ ಗುರುತು ಹಾಕಿಕೊಳ್ಳಿ.